ಊಟಿಯಲ್ಲಿ ಒಂದು ರಾತ್ರಿ: ಬೆಂಗಳೂರು, ಮೈಸೂರಿನಿಂದ ಕಾರಿನಲ್ಲಿ ಹೊರಡುವವರಿಗೆ

ಬೆಂಗಳೂರಿನಿಂದ ಊಟಿಗೆ ಮಸಿನಗುಡಿ ಮೇಲೆ ಹೋದರೆ ಸುಮಾರು 270 ಕಿ.ಮೀ., ಗೂಡಲೂರು ಮೇಲೆ ಹೋದರೆ ಸುಮಾರು 300. ದೂರ ನೋಡಿದರೆ ಏಳೆಂಟು ಗಂಟೆಯ ದಾರಿ, ಯಾವಾಗ ಹೊರಟರೂ ರಾತ್ರಿಯೊಳಗೆ ಸೇರಬಹುದು ಅನ್ನಿಸುತ್ತದೆ. ಹಾಗೆ ಅಂದುಕೊಂಡು ಮಧ್ಯಾಹ್ನ ಹೊರಟವರೇ ಕಷ್ಟಪಡುವುದು. ಈ ದಾರಿಯಲ್ಲಿ ರಾತ್ರಿ 9ಕ್ಕೆ ಮುಚ್ಚುವ ಗೇಟಿದೆ, ಇ-ಪಾಸ್ ಕೇಳುವ ಚೆಕ್‌ಪೋಸ್ಟ್ ಇದೆ, ಹತ್ತಲು ಬಿಟ್ಟರೂ ಇಳಿಯಲು ಬಿಡದ ಘಾಟಿಯಿದೆ. ಒಂದೇ ರಾತ್ರಿ ಉಳಿಯುವುದಾದರೆ ಸಂಜೆ 4ರೊಳಗೆ ರೂಮಿನ ಕೀ ನಿಮ್ಮ ಕೈಯಲ್ಲಿರಬೇಕು. ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಮೊದಲು ಇ-ಪಾಸ್, ಆಮೇಲೆ ರೂಮು

ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಹೊರಗಿನ ವಾಹನಗಳು ಬರಲು ಇ-ಪಾಸ್ ಬೇಕು. ಇದಕ್ಕೆ ದುಡ್ಡಿಲ್ಲ. ತಮಿಳುನಾಡು ಸರ್ಕಾರದ ಇ-ಪಾಸ್ ತಾಣದಲ್ಲಿ ಮೊಬೈಲ್ ನಂಬರ್ ಕೊಟ್ಟು, ಒಟಿಪಿ ಹಾಕಿ, ವಾಹನದ ನಂಬರು, ಎಷ್ಟು ಜನ, ಯಾವ ದಿನ ಬರುತ್ತೀರಿ, ಯಾವ ದಿನ ಹೊರಡುತ್ತೀರಿ, ಎಲ್ಲಿ ಉಳಿಯುತ್ತೀರಿ ಎಂದು ತುಂಬಿದರೆ ಕ್ಯೂಆರ್ ಕೋಡ್ ಇರುವ ಪಾಸ್ ಬರುತ್ತದೆ. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6,000, ಶನಿವಾರ ಭಾನುವಾರ 8,000 ವಾಹನ ಎಂದು ಮಿತಿ ಹಾಕಿದ್ದರು. ಆದ್ದರಿಂದ ಬೇಸಿಗೆ ರಜೆಯಲ್ಲಿ ಹೋಗುವವರು ಪಾಸ್ ಕೈಗೆ ಬಂದ ಮೇಲೆಯೇ ಹೋಟೆಲಿಗೆ ಮುಂಗಡ ಕಟ್ಟಬೇಕು. ಉಳಿಯುವ ಜಾಗದ ಹೆಸರು ಹಾಕಬೇಕಲ್ಲ ಎಂದರೆ, ದುಡ್ಡು ವಾಪಸ್ ಕೊಡುವ ಷರತ್ತಿನ ಬುಕಿಂಗ್ ಮಾಡಿಟ್ಟುಕೊಳ್ಳಿ.

ಪಾಸ್‌ನಲ್ಲಿ ಆಗುವ ತಪ್ಪು ಸಾಮಾನ್ಯವಾಗಿ ಒಂದೇ: ಕೊನೇ ಗಳಿಗೆಯಲ್ಲಿ ಕಾರು ಬದಲಾಗುತ್ತದೆ, ಪಾಸ್‌ನಲ್ಲಿ ಹಳೇ ನಂಬರೇ ಇರುತ್ತದೆ. ಕಾರು ಬದಲಾದರೆ ಹೊಸ ಪಾಸ್ ತೆಗೆಯಿರಿ. ಪಾಸ್‌ನ ಚಿತ್ರವನ್ನು ಫೋನಿನ ಗ್ಯಾಲರಿಯಲ್ಲಿ ಉಳಿಸಿಡಿ, ಕಾಗದದ ಮೇಲೆ ಒಂದು ಪ್ರತಿಯೂ ಇರಲಿ. ಬಂಡೀಪುರ ದಾಟುವಾಗ ಹಲವು ಕಡೆ ನೆಟ್‌ವರ್ಕ್ ಇರುವುದಿಲ್ಲ, ರಾಜ್ಯದ ಗಡಿಯಲ್ಲಿರುವ ಕೆಕ್ಕನಹಳ್ಳ ಚೆಕ್‌ಪೋಸ್ಟ್‌ನಲ್ಲಿ ನಿಂತು ಲಿಂಕ್ ತೆರೆಯುತ್ತೇನೆಂದರೆ ಹಿಂದಿನ ಗಾಡಿಗಳು ಸಾಲುಗಟ್ಟುತ್ತವೆ.

ಅದೇ ಚೆಕ್‌ಪೋಸ್ಟ್‌ನಲ್ಲಿ ಪ್ಲಾಸ್ಟಿಕ್ ಕೂಡ ನೋಡುತ್ತಾರೆ. ನೀಲಗಿರಿಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ, ಒಂದು, ಎರಡು ಲೀಟರಿನ ನೀರಿನ ಬಾಟಲಿಗೂ ಸೇರಿ. ಮನೆಯಿಂದ ಸ್ಟೀಲ್ ಬಾಟಲಿ, ಬಟ್ಟೆ ಚೀಲ ತನ್ನಿ. ಊಟಿ ರಸ್ತೆಗಳಲ್ಲಿ ಅಲ್ಲಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಯಂತ್ರಗಳಿವೆ, ಚಿಲ್ಲರೆ ಜೇಬಿನಲ್ಲಿರಲಿ.

ಹೋಟೆಲಿಗೆ ಫೋನ್ ಮಾಡಿ ಕೇಳಬೇಕಾದದ್ದು

ಫೋಟೋ ನೋಡಿ ಬುಕ್ ಮಾಡಿದ ಮೇಲೂ ಒಮ್ಮೆ ಹೋಟೆಲಿನ ರಿಸೆಪ್ಷನ್ನಿಗೇ ಫೋನ್ ಮಾಡಿ. ನೀಲಗಿರಿಯ ಬಡಗ ಸಮುದಾಯದವರ ಭಾಷೆ ಕನ್ನಡಕ್ಕೆ ತೀರಾ ಹತ್ತಿರದ್ದು, ಇಲ್ಲಿ ಅನೇಕರಿಗೆ ಕನ್ನಡ ಬರುತ್ತದೆ, ಮಾತು ಕಷ್ಟವಾಗುವುದಿಲ್ಲ. ಮೊದಲ ಪ್ರಶ್ನೆ ಕಾರಿನದು: “ನಿಮ್ಮ ಗೇಟಿನವರೆಗೆ ಇನ್ನೋವಾ ಬರುತ್ತಾ? ಒಳಗೆ ನಿಲ್ಲಿಸಬಹುದಾ, ರಸ್ತೆಯಲ್ಲಾ?” ಊಟಿಯ ಎಷ್ಟೋ ಹೋಟೆಲುಗಳು ಇಳಿಜಾರಿನ ಮೇಲೆ ಕಟ್ಟಿದವು. ಮುಖ್ಯರಸ್ತೆಯಿಂದ ಹೋಟೆಲಿಗೆ ಹೋಗುವ ಕೊನೆಯ ಇನ್ನೂರು ಮೀಟರ್ ಕಿರಿದಾಗಿ, ಕಡಿದಾಗಿ, ಎದುರು ಗಾಡಿ ಬಂದರೆ ರಿವರ್ಸ್ ಹೋಗಬೇಕಾದ ಹಾಗಿರುತ್ತದೆ. ಇಡೀ ಘಾಟಿ ಹತ್ತಿದ ಗಾಡಿ ಕ್ಲಚ್ ಸುಟ್ಟುಕೊಳ್ಳುವುದು ಎಷ್ಟೋ ಸಲ ಇಲ್ಲಿಯೇ.

ಎರಡನೆಯದು ಬಿಸಿನೀರು. “24 ಗಂಟೆ ಬಿಸಿನೀರು” ಎಂದು ಬರೆದಿದ್ದರೂ ಸೋಲಾರ್ ಅಥವಾ ಬಾಯ್ಲರ್ ಇದ್ದ ಕಡೆ ಬೆಳಗ್ಗೆ ಕೆಲವೇ ತಾಸು ಬರುವುದುಂಟು. ಮೋಡ ಕವಿದ ಊರಿನಲ್ಲಿ ಸೋಲಾರ್ ನಂಬಬೇಡಿ. ಬಾತ್‌ರೂಮಿನಲ್ಲಿ ಕರೆಂಟ್ ಗೀಸರ್ ಇದೆಯೇ, ಗ್ಯಾಸ್ ಗೀಸರ್ರೇ ಎಂದು ಬಿಡಿಸಿ ಕೇಳಿ. ಯಾಕೆಂದು ಕೆಳಗೆ ಹೇಳುತ್ತೇವೆ. ಕರೆಂಟ್ ಹೋದರೆ ಜನರೇಟರಿನಿಂದ ಗೀಸರ್, ಹೀಟರ್ ಓಡುವುದಿಲ್ಲ, ದೀಪ ಮಾತ್ರ ಉರಿಯುತ್ತದೆ ಎಂಬುದನ್ನೂ ತಿಳಿದಿರಿ.

ಉಳಿದಂತೆ: ರೂಂ ಹೀಟರಿಗೆ ಬೇರೆ ಬಾಡಿಗೆಯೇ, ಹೆಚ್ಚುವರಿ ರಗ್ಗು ಕೊಡುತ್ತಾರಾ, ಡ್ರೈವರ್ ಇದ್ದರೆ ಅವರಿಗೆ ಮಲಗಲು ಜಾಗವಿದೆಯಾ, ರಾತ್ರಿ ಊಟದ ಕೊನೆಯ ಆರ್ಡರ್ ಎಷ್ಟು ಗಂಟೆಗೆ. ಡ್ರೈವರನ್ನು ಕಾರಿನಲ್ಲೇ ಮಲಗಿಸುವುದು ಊಟಿಯ ಚಳಿಯಲ್ಲಿ ಅನ್ಯಾಯ, ಮರುದಿನ ಘಾಟಿ ಇಳಿಸುವವರು ಅವರೇ. ಹಿರಿಯರಿದ್ದರೆ ರೂಮು ಯಾವ ಮಹಡಿಯಲ್ಲಿ, ಮೆಟ್ಟಿಲು ಎಷ್ಟು ಎಂದು ಕೇಳಿ. ಸಣ್ಣ ಹೋಟೆಲುಗಳಲ್ಲಿ ಲಿಫ್ಟ್ ಇಲ್ಲದಿರುವುದೇ ಹೆಚ್ಚು.

ಜಾಗದ ವಿಷಯಕ್ಕೆ ಬಂದರೆ, ಚಾರಿಂಗ್ ಕ್ರಾಸ್ ಮತ್ತು ಕಮರ್ಷಿಯಲ್ ರಸ್ತೆಯ ಸುತ್ತ ಉಳಿದರೆ ಸಂಜೆ ಕಾರು ತೆಗೆಯದೆ ನಡೆದೇ ತಿರುಗಬಹುದು, ಆದರೆ ಗದ್ದಲವಿದೆ. ಬಸ್ ನಿಲ್ದಾಣ, ಕೆರೆಯ ಕಡೆ ರಜಾದಿನಗಳಲ್ಲಿ ಗಾಡಿ ಅಲುಗಾಡುವುದಿಲ್ಲ. ಫರ್ನ್‌ಹಿಲ್ ಕಡೆ ನೆಮ್ಮದಿ. ಮೈಸೂರು ಅರಸರ ಬೇಸಿಗೆ ಅರಮನೆ, ಕರ್ನಾಟಕ ತೋಟಗಾರಿಕೆ ಇಲಾಖೆಯ ಉದ್ಯಾನ, ಕರ್ನಾಟಕ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲು ಮಯೂರ ಸುದರ್ಶನ ಇರುವುದೂ ಆ ಭಾಗದಲ್ಲೇ. ಒಂದೇ ರಾತ್ರಿಗೆ, ಮಕ್ಕಳು ಮುದುಕರು ಇದ್ದರೆ, ಫರ್ನ್‌ಹಿಲ್ ಕಡೆಯೇ ವಾಸಿ.

ಊಟಿ ಬೇಡ, ಮಸಿನಗುಡಿಯ ಕಾಡಿನ ರೆಸಾರ್ಟ್ ಬೇಕು ಎನ್ನುವವರು ಒಂದು ಗಮನಿಸಬೇಕು. ಮಸಿನಗುಡಿ ಸುತ್ತಲಿನ ಸೀಗೂರು ಪ್ರದೇಶದ ಆನೆ ಪಥದಲ್ಲಿದ್ದ ಹಲವು ರೆಸಾರ್ಟ್‌ಗಳಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಬೀಗ ಬಿತ್ತು, 2020ರಲ್ಲಿ ಆನೆ ಪಥವನ್ನು ಕೋರ್ಟ್ ಎತ್ತಿಹಿಡಿಯಿತು. “ನೈಟ್ ಸಫಾರಿ ಮಾಡಿಸುತ್ತೇವೆ” ಎನ್ನುವ ಜಾಗಕ್ಕೆ ಹೋಗಲೇಬೇಡಿ, ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ದಂಡ ನಿಮಗೂ ತಟ್ಟುತ್ತದೆ.

ಗುರುತಿನ ಚೀಟಿ ದೊಡ್ಡವರೆಲ್ಲರದೂ ಬೇಕು, ಒಬ್ಬರದು ಸಾಲದು. ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರು ಜೊತೆಗಿದ್ದರೆ ಹೋಟೆಲಿನವರು ಫಾರ್ಮ್ ಸಿ (ವಿದೇಶಿಯರು ಉಳಿದಿರುವುದನ್ನು ಸರ್ಕಾರಕ್ಕೆ ತಿಳಿಸುವ ಅರ್ಜಿ) ತುಂಬಬೇಕಾಗುತ್ತದೆ. ಮೂಲ ಪಾಸ್‌ಪೋರ್ಟ್, ವೀಸಾ ಮೈಸೂರಿನ ಮನೆಯಲ್ಲೇ ಬಿಟ್ಟು ಬಂದು ರಾತ್ರಿ ರೂಮು ಸಿಗದೆ ಪರದಾಡುವಂತೆ ಮಾಡಿಕೊಳ್ಳಬೇಡಿ.

ಹೊರಡುವ ಹಿಂದಿನ ವಾರ ಗಾಡಿಗೆ

ಮೆಕ್ಯಾನಿಕ್‌ಗೆ “ಘಾಟಿಗೆ ಹೋಗ್ತಿದ್ದೀವಿ” ಎಂದು ಹೇಳಿ ಎರಡು ಕೆಲಸ ಮಾಡಿಸಿ. ಒಂದು, ಬ್ರೇಕ್ ಪ್ಯಾಡ್ ದಪ್ಪ ನೋಡಿಸಿ, 3 ಮಿ.ಮೀ.ಗೆ ಬಂದಿದ್ದರೆ ಬದಲಿಸಿ. ಇನ್ನೊಂದು, ಬ್ರೇಕ್ ಆಯಿಲ್. ಎರಡು ವರ್ಷಕ್ಕೂ ಹಳೆಯದಾದರೆ ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಈ ದ್ರವ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ದ್ರವ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ತೇವ ಸೇರಿದ್ದು 155ರ ಸುಮಾರಿಗೇ ಕುದಿಯಬಹುದು. ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಇಳಿಯುವಾಗ “ಬ್ರೇಕ್ ಫೇಲ್” ಎಂದು ಜನ ಹೇಳುವ ಎಷ್ಟೋ ಅಪಘಾತದ ಹಿಂದೆ ಇರುವುದು ಈ ಗುಳ್ಳೆಯೇ.

ಟೈರ್ ಗಾಳಿ ಕಾರಿನ ಬಾಗಿಲ ಕಂಬದ ಚೀಟಿಯಲ್ಲಿ ಬರೆದಷ್ಟು, ತುಂಬಿದ ಗಾಡಿಯ ಲೆಕ್ಕದಲ್ಲಿ, ಟೈರ್ ತಣ್ಣಗಿರುವಾಗ. ಕೂಲೆಂಟ್, ವೈಪರ್, ಸ್ಟೆಪ್ನಿ, ಮಂಜಿನ ದೀಪ ನೋಡಿ. ಗಾಲಿಗೆ ಅಡ್ಡ ಇಡಲು ಎರಡು ಮರದ ತುಂಡು ಡಿಕ್ಕಿಯಲ್ಲಿರಲಿ.

ದಾರಿ ಮತ್ತು ಗಂಟೆ

ಬೆಂಗಳೂರು ಬೆಳಗ್ಗೆ 5ಕ್ಕೆ ಬಿಡಿ. ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್, ಆಟೊ ಬಿಡುವುದಿಲ್ಲ, ಬೈಕಿನಲ್ಲಿ ಹೊರಟವರು ಸರ್ವೀಸ್ ರಸ್ತೆ ಹಿಡಿಯಬೇಕು, ಅವರು ಇನ್ನೂ ಒಂದು ತಾಸು ಮುಂಚೆ ಹೊರಡಲಿ. ಏಳೂವರೆಗೆ ಮೈಸೂರಿನಲ್ಲಿ ತಿಂಡಿ, ನಂಜನಗೂಡು ದಾಟಿ 9.30ರ ಸುಮಾರಿಗೆ ಗುಂಡ್ಲುಪೇಟೆ. ಡೀಸೆಲ್, ಪೆಟ್ರೋಲ್ ಇಲ್ಲೇ ತುಂಬಿಸಿ, ಶೌಚಾಲಯಕ್ಕೂ ಇಲ್ಲೇ ಹೋಗಿ. ಇಲ್ಲಿಂದ ಬಲಕ್ಕೆ ಕವಲಾಗುವುದು ಸುಲ್ತಾನ್ ಬತ್ತೇರಿಯ ದಾರಿ, ಊಟಿಗೆ ಹೋಗುವವರು ಆ ಕಡೆ ತಿರುಗಬಾರದು.

ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನಿಂದ ಬಂಡೀಪುರ ಕಾಡು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಈ ರಸ್ತೆಯಲ್ಲಿ ಸಂಚಾರವಿಲ್ಲ, 2009ರಿಂದಲೂ ಹೀಗೆಯೇ. 8.50ಕ್ಕೆ ಗೇಟು ದಾಟಿದರೂ ಆಯಿತು ಎಂದುಕೊಳ್ಳಬೇಡಿ, ಮುಂದೆ ತಮಿಳುನಾಡಿನ ಗೇಟು ಕಾದಿರುತ್ತದೆ. ರಾತ್ರಿ 8 ಆಗಿಹೋಗಿದ್ದರೆ ಗುಂಡ್ಲುಪೇಟೆಯಲ್ಲೇ ರೂಮು ಮಾಡಿ, ಬೆಳಗ್ಗೆ 6ಕ್ಕೆ ಹೊರಡಿ. ಚಾಮರಾಜನಗರದ ಕಡೆಯಿಂದ ದಿಂಬಂ ಘಾಟಿಯಲ್ಲಿ ಸುತ್ತಿ ಹೋಗೋಣ ಎಂದರೆ ಅಲ್ಲಿಯೂ ರಾತ್ರಿ ಗೇಟು ಹಾಕುತ್ತಾರೆ.

ಕಾಡಿನೊಳಗೆ ಎಲ್ಲೂ ನಿಲ್ಲಿಸಬೇಡಿ, ಇಳಿಯಬೇಡಿ, ಹಾರ್ನ್ ಹೊಡೆಯಬೇಡಿ. ಮೂವತ್ತರ ಆಸುಪಾಸು ವೇಗ, ಹಂಪುಗಳು ಬಹಳ. ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಂತು, ಎಂಜಿನ್ ಚಾಲೂ ಇಟ್ಟು, ಹಿಂದಿನ ಗಾಡಿಗೆ ಹಿಂದೆ ಸರಿಯಲು ಜಾಗ ಬಿಡಿ. ಮಕ್ಕಳ ಚಿಪ್ಸ್ ಪೊಟ್ಟಣ ಕಿಟಕಿಯಿಂದ ಕಾಣಿಸಿದರೆ ಕೋತಿ ಬರುತ್ತದೆ, ಗಾಜು ಏರಿಸಿಡಿ.

ಘಾಟಿ ಹತ್ತುವುದು

ತೆಪ್ಪಕಾಡಿನಲ್ಲಿ ದಾರಿ ಕವಲು. ಎಡಕ್ಕೆ ಏಳೆಂಟು ಕಿ.ಮೀ. ಹೋದರೆ ಮಸಿನಗುಡಿ, ಅಲ್ಲಿಂದ ಕಲ್ಹಟ್ಟಿ ಘಾಟಿ. ನೇರವಾಗಿ ಹೋದರೆ ಗೂಡಲೂರು, ನಡುವಟ್ಟಂ, ಪೈಕಾರ. ಕಲ್ಹಟ್ಟಿಯಲ್ಲಿ 36 ಹೇರ್‌ಪಿನ್ ತಿರುವುಗಳು, ಪ್ರತಿ ತಿರುವಿಗೂ ಅಂಕೆಯ ಬೋರ್ಡು. ಮೂವತ್ತು ಕಿ.ಮೀ. ಒಳಗೆ ಸುಮಾರು 1,200 ಮೀಟರ್ ಏರುತ್ತೀರಿ. ಊಟಿಯ ಎತ್ತರ 2,240 ಮೀಟರ್. ಘಾಟಿಯಲ್ಲಿ ಮೊದಲ ಸಲ ಓಡಿಸುವವರು, ಏಳು ಜನ ತುಂಬಿದ ಗಾಡಿಯವರು, ಮಳೆಯಲ್ಲಿ ಹೋಗುವವರು ಗೂಡಲೂರು ದಾರಿಯನ್ನೇ ಹಿಡಿಯಿರಿ, ರಸ್ತೆ ಅಗಲ, ಏರು ನಿಧಾನ. ಕಲ್ಹಟ್ಟಿ ಮುಚ್ಚಿದೆಯೇ ಎಂದು ತೆಪ್ಪಕಾಡಿನಲ್ಲೇ ಕೇಳಿ.

ಹತ್ತುವಾಗ ತಿರುವಿಗೆ ಇಪ್ಪತ್ತು ಮೀಟರ್ ಮುಂಚೆಯೇ ಗೇರ್ ಇಳಿಸಿ, ತಿರುವಿನೊಳಗೆ ಗೇರ್ ಬದಲಿಸಬೇಡಿ. ಕಲ್ಹಟ್ಟಿಯ ಹಲವು ತಿರುವಿಗೆ ಫಸ್ಟ್ ಗೇರೇ ಬೇಕು. ಅರ್ಧ ಕ್ಲಚ್ ಹಿಡಿದು ಗಾಡಿಯನ್ನು ನಿಲ್ಲಿಸಿಕೊಂಡರೆ ಎರಡೇ ನಿಮಿಷದಲ್ಲಿ ಸುಟ್ಟ ವಾಸನೆ ಬರುತ್ತದೆ. ನಿಲ್ಲಬೇಕಾದರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಸಿ ಆಫ್ ಮಾಡಿದರೆ ಸಣ್ಣ ಎಂಜಿನ್ನಿಗೆ ಬಲ ಉಳಿಯುತ್ತದೆ. ಆಟೊಮ್ಯಾಟಿಕ್ ಇದ್ದವರು ಡಿ ಬಿಟ್ಟು ಎಲ್ ಅಥವಾ ಮ್ಯಾನುಯಲ್‌ಗೆ ಹಾಕಿ. ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲ ಹಕ್ಕು, ಇಳಿಯುವವರು ನಿಂತು ದಾರಿ ಬಿಡಬೇಕು.

ವಾಂತಿ ಬರುವ ಮಕ್ಕಳಿಗೆ ಗುಂಡ್ಲುಪೇಟೆಯಲ್ಲಿ ಎಣ್ಣೆ ತಿಂಡಿ ಕೊಡಬೇಡಿ, ಫೋನ್ ಕೊಡಬೇಡಿ, ಮುಂದೆ ದೂರಕ್ಕೆ ನೋಡಲು ಹೇಳಿ. ಡಾಕ್ಟರು ಬರೆದುಕೊಟ್ಟ ಮಾತ್ರೆ ಇದ್ದರೆ ಘಾಟಿ ಶುರುವಾಗುವ ಅರ್ಧ ಗಂಟೆ ಮುಂಚೆ.

ರೂಮಿನಲ್ಲಿ ಮೊದಲ ಹತ್ತು ನಿಮಿಷ

ಚೀಲ ಬಿಚ್ಚುವ ಮೊದಲು ಹೊದಿಕೆ ಸರಿಸಿ, ಬೆಡ್‌ಶೀಟಿಗೂ ಹಾಸಿಗೆಗೂ ನಡುವೆ ಅಂಗೈ ಇಟ್ಟು ಅರ್ಧ ನಿಮಿಷ ಬಿಡಿ. ತಣ್ಣಗಿರುವುದು ಬೇರೆ, ಒದ್ದೆಯಾಗಿರುವುದು ಬೇರೆ. ತೇವ ಇದ್ದರೆ ಅಂಗೈ ಜಿಗಿಜಿಗಿ ಎನ್ನುತ್ತದೆ, ಮುಗ್ಗು ವಾಸನೆ ಬರುತ್ತದೆ. ಆಗಲೇ ರೂಮು ಬದಲಿಸಲು ಹೇಳಿ. ಬೆಳಕಿರುವಾಗ ಸೇರಿದರೆ ಬೇರೆ ರೂಮು ಖಾಲಿ ಇರುತ್ತದೆ, ರಾತ್ರಿ ಹತ್ತಕ್ಕೆ ಸೇರಿದವರಿಗೆ ಉಳಿದಿರುವುದು ಆ ಒಂದೇ ರೂಮು. ಕೆಳಗಿನ ಮಹಡಿಯ, ಮಣ್ಣಿನ ಗೋಡೆಗೆ ಒತ್ತಿಕೊಂಡ ರೂಮುಗಳಲ್ಲಿ ಈ ತೇವ ಹೆಚ್ಚು.

ಗೀಸರ್ ಹಾಕಿ ನೋಡಿ. ಮಾಮೂಲಿ 15 ಲೀಟರ್, 2,000 ವ್ಯಾಟಿನ ಗೀಸರ್ ಊಟಿಯ ತಣ್ಣೀರನ್ನು ಸ್ನಾನಕ್ಕೆ ಆಗುವಷ್ಟು ಕಾಯಿಸಲು 20ರಿಂದ 25 ನಿಮಿಷ ಬೇಕು. ತಣ್ಣೀರು ಬೆರೆಸಿದರೆ ಒಂದೂವರೆ ಬಕೆಟ್ ಸಿಗುತ್ತದೆ, ಒಬ್ಬರ ಸ್ನಾನ. ನಾಲ್ಕು ಜನ ಬೆಳಗ್ಗೆ 8ಕ್ಕೆ ಸಿದ್ಧರಾಗಬೇಕಾದರೆ 6ಕ್ಕೆ ಶುರು ಮಾಡಬೇಕು. ರಾತ್ರಿಯೇ ಇಬ್ಬರು ಮುಗಿಸಿಕೊಳ್ಳುವುದು ಒಳ್ಳೆಯದು.

ಹೀಟರ್ ಕೊಟ್ಟರೆ ಅದನ್ನು ಫೋನ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗೆ ಸಿಕ್ಕಿಸಬೇಡಿ. 2,000 ವ್ಯಾಟಿನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಸಣ್ಣ ಸಾಕೆಟ್ಟಿನ ತಾಕತ್ತು 6. ಪ್ಲಾಸ್ಟಿಕ್ ಕರಗುತ್ತದೆ, ಕಿಡಿ ಹಾರುತ್ತದೆ. ದೊಡ್ಡ 16 ಆಂಪಿಯರ್ ಸಾಕೆಟ್ಟಿಗೇ ಹಾಕಿ, ಪರದೆ, ರಗ್ಗಿನಿಂದ ಒಂದು ಮೀಟರ್ ದೂರವಿಡಿ, ಮಲಗುವ ಮುಂಚೆ ಆರಿಸಿ.

ಈಗ ಇಡೀ ಲೇಖನದಲ್ಲಿ ಮರೆಯಬಾರದ ವಿಷಯ. ರೂಮಿನೊಳಗೆ ಇದ್ದಿಲು ಉರಿಸಬೇಡಿ. ಹೊರಗೆ ಬಾರ್ಬೆಕ್ಯೂ ಮಾಡಿದ ಇದ್ದಿಲಿನ ಒಲೆ ಇನ್ನೂ ಕೆಂಪಗಿದೆ, ಚಳಿಗೆ ಒಳಗಿಡೋಣ ಎಂದು ಬಾಗಿಲು ಹಾಕಿಕೊಂಡು ಮಲಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ತಲೆನೋವು, ವಾಕರಿಕೆ, ತೂಕಡಿಕೆ. ಪ್ರಯಾಣದ ಸುಸ್ತು ಎಂದುಕೊಂಡು ಮಲಗಿದವರು ಏಳುವುದಿಲ್ಲ. ಗ್ಯಾಸ್ ಗೀಸರಿನದೂ ಇದೇ ಅಪಾಯ. ಬಾತ್‌ರೂಮಿನೊಳಗೇ ಅದು ಇದ್ದರೆ ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಆರಿಸಿ, ಆಮೇಲೆ ಸ್ನಾನಕ್ಕೆ ಇಳಿಯಿರಿ. ಚಳಿ ಎಂದು ವೆಂಟಿಲೇಟರಿಗೆ ಪೇಪರ್ ತುರುಕಬೇಡಿ. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಹೊರಗಿನ ಗಾಳಿಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ.

ಊಟ ಬೇಗ ಹೇಳಿಬಿಡಿ. ಈ ಎತ್ತರದಲ್ಲಿ ನೀರು 92–93 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಅನ್ನ ಬೇಳೆ ಬೇಯಲು ಹೊತ್ತಾಗುತ್ತದೆ. ಸಣ್ಣ ಹೋಟೆಲಿನ ಅಡುಗೆಮನೆ ಬೇಗ ಮುಚ್ಚುತ್ತದೆ. 7ಕ್ಕೆ ಆರ್ಡರ್ ಕೊಟ್ಟರೆ ಬಿಸಿಯೂಟ.

ಏಪ್ರಿಲ್, ಮೇನಲ್ಲಿ ಬೆಂಗಳೂರಿನ ಸೆಕೆಯಿಂದ ಬಂದವರು ಬರೀ ಟೀ ಶರ್ಟಿನಲ್ಲಿ ಬರುತ್ತಾರೆ, ಆದರೆ ಆಗಲೂ ರಾತ್ರಿ ಸ್ವೆಟರ್ ಬೇಕು. ಡಿಸೆಂಬರ್, ಜನವರಿಯಲ್ಲಿ ತಲೈಕುಂದ, ಕಾಂದಲ್ ಕಡೆಯ ತಗ್ಗುಗಳಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂರುತ್ತದೆ. ಒಂದು ದಪ್ಪ ಜಾಕೆಟ್‌ಗಿಂತ ಬನಿಯನ್, ಪೂರ್ತಿ ತೋಳಿನ ಅಂಗಿ, ಸ್ವೆಟರ್ ಎಂದು ಮೂರು ಪದರ ಬೆಚ್ಚಗೆ. ಕಿವಿ ಮುಚ್ಚುವ ಟೋಪಿ, ಒಣಗಿದ ಎರಡು ಜೊತೆ ಕಾಲುಚೀಲ.

ಕಾರು ರಾತ್ರಿ ಮಲಗುವುದು, ಬೆಳಗ್ಗೆ ಏಳುವುದು

ಇಳಿಜಾರಿನಲ್ಲಿ ನಿಲ್ಲಿಸುವಾಗ ಮೂತಿ ಕೆಳಗಿದ್ದರೆ ರಿವರ್ಸ್, ಮೇಲಿದ್ದರೆ ಫಸ್ಟ್ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ತಂದಿದ್ದ ಮರದ ತುಂಡು ಕೊಡಿ. ಮುಂದಿನ ಚಕ್ರವನ್ನು ಗೋಡೆಯ ಕಡೆ ತಿರುಗಿಸಿಡಿ.

ಬೆಳಗ್ಗೆ ಗಾಜಿನ ಮೇಲೆ ಹಿಮ ಕೂತಿದ್ದರೆ ಬಿಸಿನೀರು ಹುಯ್ಯಬೇಡಿ, ಗಾಜು ಸೀಳುತ್ತದೆ. ಡಿಫಾಗರ್ ಹಾಕಿ ಐದು ನಿಮಿಷ ಬಿಡಿ, ಹಳೇ ಕಾರ್ಡಿನ ಅಂಚಿನಿಂದ ಕೆರೆಯಿರಿ. ಡೀಸೆಲ್ ಗಾಡಿಗೆ ಕೀ ತಿರುಗಿಸಿ ಗ್ಲೋ ಪ್ಲಗ್ ದೀಪ ಆರುವವರೆಗೆ ಕಾಯಿರಿ. ಒಳಗಿನ ಗಾಜು ಮಂಜಾದರೆ ಬಟ್ಟೆಯಲ್ಲಿ ಒರೆಸುವುದಕ್ಕಿಂತ ಎಸಿ ಜೊತೆಗೆ ಬಿಸಿ ಗಾಳಿ ಬಿಟ್ಟರೆ ಬೇಗ ತಿಳಿಯಾಗುತ್ತದೆ, ಎಸಿ ಒಳಗಿನ ತೇವವನ್ನು ಎಳೆದುಕೊಳ್ಳುತ್ತದೆ. ಮಂಜಿನಲ್ಲಿ ಲೋ ಬೀಮ್, ಫಾಗ್ ದೀಪ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಿದರೆ ನೀವು ಯಾವ ಕಡೆ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ.

ಬಿಲ್ಲಿನಲ್ಲಿ ಹೀಟರ್, ಹೆಚ್ಚುವರಿ ಹಾಸಿಗೆ, ಕ್ಯಾಂಪ್ ಫೈರ್ ಸಾಲುಗಳನ್ನು ಓದಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್, ಅದಕ್ಕೂ ಮೊದಲು 12 ಇತ್ತು. 12 ಹಾಕಿದ್ದರೆ ಕೇಳಿ.

ಇಳಿಯುವುದು

ಕಲ್ಹಟ್ಟಿಯಲ್ಲಿ ಇಳಿಯಲು ಹೊರಗಿನವರ ವಾಹನಗಳನ್ನು ಬಿಡುವುದಿಲ್ಲ. 2018ರಲ್ಲಿ ಆದ ಅಪಘಾತದ ನಂತರ ಈ ಕಟ್ಟುನಿಟ್ಟು. ಮ್ಯಾಪ್ ಹತ್ತಿರವೆಂದು ಅದೇ ದಾರಿ ತೋರಿಸಿದರೂ ತಲೈಕುಂದದ ಬಳಿ ಪೊಲೀಸರು ತಿರುಗಿಸುತ್ತಾರೆ. ಗೂಡಲೂರು ದಾರಿಯನ್ನೇ ಮೊದಲಿಂದ ಹಿಡಿಯಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಗೂಡಲೂರು ಕಡೆ ಹೊಡೆಯುತ್ತದೆ, ಅಕ್ಟೋಬರ್, ನವೆಂಬರ್‌ನಲ್ಲಿ ಕೂನೂರು ಕಡೆ. ಆಯಾ ಕಾಲದಲ್ಲಿ ಗುಡ್ಡ ಕುಸಿದಿದೆಯೇ ಎಂದು ಹೋಟೆಲಿನ ಡ್ರೈವರುಗಳನ್ನು ಕೇಳಿ ಹೊರಡಿ.

ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿದಿರಬೇಕು. ಬ್ರೇಕನ್ನು ಸದಾ ಒತ್ತಿಕೊಂಡಿರದೆ, ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಡಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಚಾಳಿ ಇದ್ದರೆ ಇವತ್ತೇ ಬಿಡಿ: ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಹಿಡಿತವೇ ಇರುವುದಿಲ್ಲ. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಡಿ. ಕಾದ ಡಿಸ್ಕಿಗೆ ನೀರು ಹಾಕಬೇಡಿ, ಸೊಟ್ಟಗಾಗುತ್ತದೆ. ಗೂಡಲೂರಿನಲ್ಲಿ ಟೀಗೆ ನಿಂತಾಗ ನಾಲ್ಕೂ ಚಕ್ರದ ಹತ್ತಿರ ಮುಟ್ಟದೆ ಅಂಗೈ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಜೋರಾಗಿ ಕಾದಿದ್ದರೆ ಆ ಕಡೆಯ ಬ್ರೇಕ್ ಹಿಡಿದುಕೊಂಡಿದೆ, ಕಾಡಿಗೆ ಇಳಿಯುವ ಮುಂಚೆ ಅಲ್ಲೇ ಮೆಕ್ಯಾನಿಕ್‌ಗೆ ತೋರಿಸಿ.

ಬೆಳಗ್ಗೆ 10ಕ್ಕೆ ಊಟಿ ಬಿಟ್ಟರೆ 12ಕ್ಕೆ ಗೂಡಲೂರು, 2ರೊಳಗೆ ಗುಂಡ್ಲುಪೇಟೆ, ಮೂರೂವರೆಗೆ ಮೈಸೂರು. ದೊಡ್ಡಬೆಟ್ಟ ನೋಡಿ ಹೊರಡುವವರು ಬೆಳಗ್ಗೆಯೇ ಅಲ್ಲಿಗೆ ಹೋಗಿ ಬನ್ನಿ, ಮಧ್ಯಾಹ್ನದ ಹೊತ್ತಿಗೆ ಶಿಖರವನ್ನು ಮೋಡ ಮುಚ್ಚುವುದೇ ಹೆಚ್ಚು. ಏನೇ ತಡವಾದರೂ ಸಂಜೆ 5ರ ನಂತರ ಊಟಿಯಿಂದ ಹೊರಡಬೇಡಿ. ಗೂಡಲೂರಿನಲ್ಲಿ ಜಾಮ್ ಸಿಕ್ಕಿದರೆ ಬಂಡೀಪುರದ ಗೇಟು ತಪ್ಪುತ್ತದೆ, ಆಗ ಗೂಡಲೂರಿನಲ್ಲೇ ಇನ್ನೊಂದು ರೂಮು ಹುಡುಕಬೇಕು.